ನೂರು ಮೀಟರ್ ಆಚೆ ನಡೆಯುವ ನಾಣ್ಯ

ಹಾಸನದವರಿಗೆ ಉಪಗ್ರಹ ಅಂದರೆ ಹೊಸ ಮಾತಲ್ಲ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಊರಲ್ಲೇ ಇದೆ. ಊರ ಬಾಯಲ್ಲಿ ಅದು ಎಂಸಿಎಫ್. 1982ರಿಂದ ಇನ್ಸಾಟ್ ಸಾಲಿನ ಉಪಗ್ರಹಗಳನ್ನು ಇಲ್ಲಿಂದಲೇ ನೋಡಿಕೊಳ್ಳುತ್ತಿದ್ದಾರೆ. ಆದರೆ ಅವು ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಭೂಮಿ ತಿರುಗುವ ಲೆಕ್ಕಕ್ಕೆ ಸರಿಯಾಗಿ ಸುತ್ತುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗಿರುತ್ತವೆ. ಟೆಲಿಸ್ಕೋಪ್ ಹಿಡಿದು ನೋಡಿದರೂ ಬರೀ ಚುಕ್ಕಿ.

ನನಗೆ ಆಸೆ ಇದ್ದದ್ದು ಓಡುವುದರ ಮೇಲೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹೋಗುವುದು ಸುಮಾರು 420 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ. ಹಾಸನದಿಂದ ಬೆಂಗಳೂರಿಗೆ ಅದಕ್ಕೆ 25 ಸೆಕೆಂಡೂ ಬೇಡ. ಮೊದಲ ಭಾಗ ಮೇಲೆ ಹೋದದ್ದು 1998ರಲ್ಲಿ. 2000ದ ನವೆಂಬರ್‌ನಿಂದ ಒಂದು ದಿನವೂ ಬಿಡದೆ ಅಲ್ಲಿ ಮನುಷ್ಯರಿದ್ದಾರೆ. 2025ರ ಜೂನ್‌ನಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿಗೆ ಹೋದರು. ಧಾರವಾಡದ ವಿಜ್ಞಾನಿಗಳು ಕೊಟ್ಟ ಮೆಂತ್ಯ, ಹೆಸರುಕಾಳು ಅಲ್ಲಿ ಮೊಳಕೆ ಒಡೆದವು. ಆ ಸುದ್ದಿ ಓದಿದ ದಿನವೇ ಇದರ ಫೋಟೋ ನಮ್ಮ ಹಿತ್ತಲಿಂದಲೇ ತೆಗೆಯಬೇಕು ಅಂದುಕೊಂಡೆ. ಆಗ ಇಲ್ಲಿ ಮುಂಗಾರು. ರಾತ್ರಿಯಿಡೀ ಮೋಡ. ಡಿಸೆಂಬರ್‌ವರೆಗೆ ಕಾದೆ.

ಇಷ್ಟು ದೂರದ್ದು ಟೆಲಿಸ್ಕೋಪ್‌ಗೆ ಸಿಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಗಾತ್ರದ ತೊಂದರೆಯೇ ಇಲ್ಲ. ನಿಲ್ದಾಣ ಒಂದು ತುದಿಯಿಂದ ಇನ್ನೊಂದು ತುದಿಗೆ 109 ಮೀಟರ್. ನೆತ್ತಿಯ ಮೇಲೆ ಬಂದಾಗ ಅದು ಕಾಣುವುದು ನೂರು ಮೀಟರ್ ಆಚೆ ಹಿಡಿದ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ಗುರುಗ್ರಹ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ. ಗುರುವಿನ ಪಟ್ಟೆಗಳನ್ನು ತೋರಿಸುವ ಟೆಲಿಸ್ಕೋಪ್‌ಗೆ ನಿಲ್ದಾಣದ ಸೌರಫಲಕಗಳೂ ಕಾಣಲೇಬೇಕು. ಕಷ್ಟ ಬೇರೆ ಕಡೆ ಇದೆ. ಗುರು ನಿಂತಿರುತ್ತಾನೆ, ಇದು ನಿಲ್ಲುವುದಿಲ್ಲ. ಆ ನಾಣ್ಯವನ್ನು ಹಿಡಿದುಕೊಂಡು ಒಬ್ಬರು ಬಿರಬಿರನೆ ನಡೆದುಹೋಗುತ್ತಿದ್ದಾರೆ ಅಂದುಕೊಳ್ಳಿ. ಕ್ಯಾಮೆರಾಕ್ಕೆ ಸಿಗುವುದು ಹುಣ್ಣಿಮೆ ಚಂದ್ರನ ಅಗಲದ ಅರ್ಧದಷ್ಟು ಆಕಾಶ ಮಾತ್ರ. ಟೆಲಿಸ್ಕೋಪ್ ಅಲ್ಲಾಡಿಸದೆ ಸುಮ್ನೆ ಬಿಟ್ಟರೆ ನಿಲ್ದಾಣ ಅದನ್ನು ಕಾಲು ಸೆಕೆಂಡಿನಲ್ಲಿ ದಾಟಿಬಿಡುತ್ತದೆ.

ನನ್ನದು ಎಂಟು ಇಂಚಿನ ಡಾಬ್ಸೋನಿಯನ್. ಮರದ ಪೀಠ, ಅದರ ಮೇಲೆ ಕೊಳವೆ, ಮೋಟಾರ್ ಇಲ್ಲ. ಕೈಯಲ್ಲೇ ತಳ್ಳಬೇಕು. ಹೊಸಬರಿಗೆ ಇದೇ ಒಳ್ಳೆಯದು ಅಂತ ನನ್ನ ನಂಬಿಕೆ. ನಕ್ಷತ್ರದ ಹಿಂದೆ ಹೋಗಲು ಮಾಡಿದ ಸಾಮಾನ್ಯ ಮೋಟಾರ್ ಈ ವೇಗಕ್ಕೆ ಸಾಲುವುದಿಲ್ಲ. ಕೈ ಎರಡು ಮೂರು ಸಲಕ್ಕೆ ಕಲಿತುಕೊಳ್ಳುತ್ತದೆ.

ನಿಲ್ದಾಣಕ್ಕೆ ತನ್ನದೇ ಬೆಳಕಿಲ್ಲ, ಕಾಣುವುದು ಬಿಸಿಲಿನಿಂದ. ನಮಗೆ ಕತ್ತಲಿರಬೇಕು, ಅದಕ್ಕೆ ಬಿಸಿಲಿರಬೇಕು. ಅದಕ್ಕೇ ಬೆಳಗಿನ ಜಾವ ಇಲ್ಲವೇ ಸಂಜೆ ಕತ್ತಲಾದ ಮೇಲೆ ಒಂದೆರಡು ಗಂಟೆ ಮಾತ್ರ ಅವಕಾಶ. ನಾನು ಬೆಳಗಿನ ಜಾವ ಆರಿಸಿದೆ. ಟೆಲಿಸ್ಕೋಪನ್ನು ತಾರಸಿಗೆ ಒಯ್ಯದೆ ಹಿತ್ತಲಿನ ಮಣ್ಣಿನ ಮೇಲೇ ಇಟ್ಟೆ. ಹಗಲು ಕಾದ ಕಾಂಕ್ರೀಟು ರಾತ್ರಿಯಿಡೀ ಶಾಖ ಬಿಡುತ್ತದೆ. ಬಿಸಿಲಲ್ಲಿ ಟಾರು ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ವಾ, ಚಿತ್ರವೂ ಹಾಗೇ ನಡುಗುತ್ತದೆ.

ಮೊದಲ ದಿನ ನನಗೆ ಸಿಕ್ಕಿದ್ದು ಒಂದು ಬಿಳಿ ಉಂಡೆ. ಕ್ಯಾಮೆರಾಕ್ಕೆ ಬೆಳಕು ಜಾಸ್ತಿ ಹೊತ್ತು ಬಿಟ್ಟಿದ್ದೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲೂ ನಿಲ್ದಾಣ 7.7 ಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಒಂದು ಕೋಣೆಯಷ್ಟು ಉದ್ದ ಕಲಸಿಹೋಗುತ್ತದೆ. ಕೈ ಅದರ ಜೊತೆಗೇ ಸಾಗಿದರೆ ಈ ಕಲಸು ಕಡಿಮೆಯಾಗುತ್ತದೆ. ಎರಡನೇ ಸಲ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗಕ್ಕೆ ಇಳಿಸಿದೆ. ಪಡುವಣದಲ್ಲಿದ್ದ ಗುರುವಿನ ಮೇಲೆ ಫೋಕಸ್ ಮಾಡಿ, ಫೋಕಸ್ ತಿರುಪನ್ನು ಬಿಗಿ ಮಾಡಿದೆ. ಫೈಂಡರ್ (ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸಿದ ಪುಟ್ಟ ಟೆಲಿಸ್ಕೋಪ್) ಮತ್ತು ಕ್ಯಾಮೆರಾ ಒಂದೇ ಕಡೆ ನೋಡುತ್ತಿವೆಯಾ ಅಂತ ನಾಲ್ಕು ಸಲ ಪರೀಕ್ಷಿಸಿದೆ. ಇಬ್ಬನಿ ಕೂರದ ಹಾಗೆ ಫೈಂಡರ್‌ಗೆ ಟವೆಲ್ ಸುತ್ತಿದ್ದೆ.

ಅಕ್ಕನ ಮಗ ಮೊಬೈಲ್ ಹಿಡಿದು ಹೊತ್ತು ಎಣಿಸುತ್ತಿದ್ದ. "ಮಾವ, ಬಂತು ಬಂತು, ತೆಂಗಿನ ಮರದ ಪಕ್ಕ!" ನೈಋತ್ಯದಲ್ಲಿ ಏನೂ ಇಲ್ಲದ ಜಾಗದಲ್ಲಿ ಒಂದು ಬೆಳಕು ಹೊತ್ತಿಕೊಂಡಿತು. ಭೂಮಿಯ ನೆರಳು ದಾಟಿ ಬಿಸಿಲಿಗೆ ಬಂದಿತ್ತು ಅದು. ನಾನು ಲ್ಯಾಪ್‌ಟಾಪ್ ಕಡೆ ತಿರುಗಲೇ ಇಲ್ಲ. ಕಣ್ಣು ಫೈಂಡರ್‌ನಲ್ಲಿ, ಎರಡೂ ಕೈ ಕೊಳವೆಯ ಮೇಲೆ. ಆ ಬೆಳಕನ್ನು ಗೆರೆಗಳು ಕೂಡುವ ಕಡೆ ಇಟ್ಟುಕೊಂಡು ತಳ್ಳುತ್ತಾ ಹೋದೆ. ಮೂರು ನಿಮಿಷ ಉಸಿರಾಡಿದ ನೆನಪೂ ಇಲ್ಲ.

ಸೆಕೆಂಡಿಗೆ 150 ಚಿತ್ರದಂತೆ ಇಪ್ಪತ್ತೇಳು ಸಾವಿರ ಚಿತ್ರಗಳಾಗಿದ್ದವು. ನಿಲ್ದಾಣ ಇದ್ದದ್ದು 240ರಲ್ಲಿ. ಅವುಗಳಲ್ಲಿ ಗಾಳಿ ಒಂದು ಗಳಿಗೆ ಸುಮ್ಮನಿದ್ದಾಗ ಸಿಕ್ಕವು ಒಂಬತ್ತು. ಗ್ರಹದ ಫೋಟೋಕ್ಕೆ ಸಾವಿರಾರು ಚಿತ್ರ ಒಂದರ ಮೇಲೊಂದು ಕೂಡಿಸಬಹುದು. ಇಲ್ಲಿ ಆಗುವುದಿಲ್ಲ. ನಿಲ್ದಾಣ ಹಾದುಹೋಗುತ್ತಾ ನಮಗೆ ಬೇರೆ ಬೇರೆ ಮಗ್ಗುಲು ತೋರಿಸುತ್ತದೆ. ಒಂದೆರಡು ಸೆಕೆಂಡಿನೊಳಗಿನ ಚಿತ್ರಗಳನ್ನಷ್ಟೇ ಕೂಡಿಸಬೇಕು. ನನ್ನ ಒಂಬತ್ತರಲ್ಲಿ ಐದು ಹಾಗೆ ಒಟ್ಟಿಗೆ ಇದ್ದವು. ಕೂಡಿಸಿದಾಗ ಎರಡೂ ಕಡೆ ತಾಮ್ರದ ಬಣ್ಣದ ಫಲಕಗಳು, ನಡುವೆ ಬೆಳ್ಳಗಿನ ಕೊಳವೆಗಳು ಎದ್ದುಬಂದವು. ಮೇಲಿರುವವರ ಮನೆ ಅದು. ನನಗೆ ಕಣ್ಣು ತುಂಬಿತು.

ಚಂದ್ರನ ಮುಂದೆ ನಿಲ್ದಾಣ ಹಾಯುವುದನ್ನು ಹಿಡಿಯುವವರೂ ಇದ್ದಾರೆ. ಅರ್ಧ ಸೆಕೆಂಡಿನ ಆಟ. ಅದು ಕಾಣುವ ಪಟ್ಟಿ ನೆಲದ ಮೇಲೆ ನಾಲ್ಕೈದು ಕಿಲೋಮೀಟರ್ ಅಗಲ ಅಷ್ಟೇ ಇರಬಹುದು. ಹಾಸನದಲ್ಲಿ ತಪ್ಪಿದ್ದು ಶಾಂತಿಗ್ರಾಮದಲ್ಲಿ ಸಿಗಬಹುದು. ಸೂರ್ಯನ ಮುಂದೆ ಹಾಯುವಾಗಲೂ ಹೀಗೇ. ಆದರೆ ಟೆಲಿಸ್ಕೋಪ್‌ನ ಬಾಯಿಗೆ ಸರಿಯಾದ ಸೌರ ಫಿಲ್ಟರ್ ಹಾಕದೆ ಸೂರ್ಯನ ಕಡೆ ತಿರುಗಿಸಲೇಬೇಡಿ, ಕಣ್ಣು ಹೋಗುತ್ತದೆ. ಫೈಂಡರ್‌ಗೂ ಮುಚ್ಚಳ ಹಾಕಿರಬೇಕು.

ಫೋಟೋ ಪ್ರಿಂಟ್ ಹಾಕಿಸಿ ಅಮ್ಮನಿಗೆ ಕೊಟ್ಟೆ. ಕನ್ನಡಕ ಸರಿ ಮಾಡಿಕೊಂಡು ತುಂಬಾ ಹೊತ್ತು ನೋಡಿದರು.

"ಕಿಟಕಿ ಎಲ್ಲೋ ಇದೆ ಇದರಲ್ಲಿ?"

ಕಿಟಕಿ ಇದೆ. ಕುಪೋಲಾ ಅನ್ನುವ ಗೂಡಿನಲ್ಲಿ ಏಳು ಕಿಟಕಿಗಳು, ದೊಡ್ಡದು 80 ಸೆಂಟಿಮೀಟರ್ ಅಗಲ. ಎಂಟು ಇಂಚಿನ ಕನ್ನಡಿಗೆ ಅಷ್ಟು ದೂರದಲ್ಲಿ ಒಂದು ಮೀಟರಿಗಿಂತ ಸಣ್ಣದು ಬಿಡಿಯಾಗಿ ಕಾಣುವುದಿಲ್ಲ. ಅದನ್ನೇ ಹೇಳಿದೆ. ಆ ಗೂಡು ಯಾವಾಗಲೂ ಭೂಮಿಯ ಕಡೆಗೇ ಮುಖ ಮಾಡಿರುತ್ತದೆ ಅಂತಲೂ ಹೇಳಿದೆ.

"ಹಾಗಾದ್ರೆ ನೀನು ಫೋಟೋ ತೆಗೆಯೋವಾಗ ಅವರೂ ಈ ಕಡೆ ನೋಡ್ತಿದ್ದಿರಬಹುದು" ಅಂದರು ಅಮ್ಮ. ಫೋಟೋದ ನಡುವಿನ ಬಿಳಿ ಕೊಳವೆಗಳ ಮೇಲೆ ಬೆರಳಿಟ್ಟು, ಸುಮಾರು ಇಲ್ಲಿ ಅಂತ ತೋರಿಸಿದೆ.