ಮಳೆ ಲೆಕ್ಕದಲ್ಲಿ ವರ್ಷ ಹಂಚಿದರೆ

ಚಿಂತಾಮಣಿ ಕಡೆಯ ರೈತರನ್ನು ರಾಗಿ ಬಿತ್ತನೆ ಯಾವಾಗ ಅಂತ ಕೇಳಿ. ತಾರೀಕು ಹೇಳುವುದಿಲ್ಲ. ಪುನರ್ವಸು ಮಳೆ ಹೇಗೆ ಬರುತ್ತೋ ನೋಡೋಣ, ಪುಷ್ಯದೊಳಗೆ ಬೀಜ ಬೀಳಬೇಕು ಅನ್ನುತ್ತಾರೆ. ಬಾಗೇಪಲ್ಲಿ ಕಡೆ ಹೋದರೆ ಇದೇ ಮಾತು ತೆಲುಗಿನಲ್ಲಿ, ಕಾರ್ತೆ ಲೆಕ್ಕದಲ್ಲಿ ಬರುತ್ತದೆ. ಗೋಡೆ ಮೇಲಿನ 12 ತಿಂಗಳು ಸಂಬಳಕ್ಕೆ, ಸಾಲದ ಕಂತಿಗೆ, ಶಾಲೆ ಫೀಸಿಗೆ ಆಗುತ್ತವೆ. ಹೊಲದ ಕೆಲಸ ನಡೆಯುವುದು ಮಳೆ ನಕ್ಷತ್ರಗಳ ಮೇಲೆ. ಹಾಗಿದ್ದ ಮೇಲೆ ವರ್ಷವನ್ನು ಅವುಗಳ ಲೆಕ್ಕದಲ್ಲೇ ಯಾಕೆ ಹಂಚಬಾರದು? ಹಂಚಬಹುದು, ಅದೂ ತುಂಬಾ ಚೆನ್ನಾಗಿ ಹಂಚಬಹುದು ಅನ್ನುವುದು ನನ್ನ ವಾದ.

ಮಳೆ ನಕ್ಷತ್ರ ಅಂದರೆ ಸೂರ್ಯನ ನಕ್ಷತ್ರ. ಪಂಚಾಂಗದಲ್ಲಿ ದಿನಾ ಬದಲಾಗುವುದು ಚಂದ್ರನದು, ಅದು ಬೇರೆ. ಆಕಾಶದಲ್ಲಿ ಸೂರ್ಯ ಒಂದು ವರ್ಷದಲ್ಲಿ ಸುತ್ತುವ ದಾರಿಯನ್ನು 27 ಸಮ ಪಾಲು ಮಾಡಿದ್ದಾರೆ. ಒಂದೊಂದು ಪಾಲು ದಾಟಲು ಸೂರ್ಯನಿಗೆ ಸುಮಾರು ಹದಿಮೂರೂವರೆ ದಿನ ಬೇಕು. ಅರ್ಧ ದಿನವನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಲು ಆಗುವುದಿಲ್ಲ. ಹಾಗಾಗಿ ಕೆಲವು ಮಳೆಗೆ 13 ದಿನ, ಕೆಲವಕ್ಕೆ 14 ದಿನ ಕೊಡಬೇಕು. ಎಷ್ಟಕ್ಕೆ 13, ಎಷ್ಟಕ್ಕೆ 14? ಮಗ್ಗಿ ಹೇಳಿ ನೋಡಿ. 14 ಮಳೆಗೆ 14 ದಿನದಂತೆ 196. ಉಳಿದ 13 ಮಳೆಗೆ 13 ದಿನದಂತೆ 169. ಎರಡೂ ಕೂಡಿದರೆ ಸರಿಯಾಗಿ 365!

ಅಂಕಿಗಳು ಹೀಗೆ ಕೂಡಿಬಂದದ್ದು ಆಕಸ್ಮಿಕ. ಆದರೆ ಯಾವ ಮಳೆಗೆ 14 ದಿನ ಅನ್ನುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಜನವರಿ ಮೊದಲ ವಾರ ನಾವು ಸೂರ್ಯನಿಂದ ಸುಮಾರು 14.7 ಕೋಟಿ ಕಿಲೋಮೀಟರ್ ದೂರ ಇರುತ್ತೇವೆ. ಜುಲೈ ಮೊದಲ ವಾರ 15.2 ಕೋಟಿ. ಹತ್ತಿರ ಇದ್ದಾಗ ಭೂಮಿ ಬೇಗ ಓಡುತ್ತದೆ, ದೂರ ಇದ್ದಾಗ ನಿಧಾನ. ಕೆಪ್ಲರ್ 1609ರಲ್ಲಿ ಹೇಳಿದ್ದು ಇದನ್ನೇ. ಅದರಿಂದ ಮುಂಗಾರಿನ ಮಳೆಗಳು ಉದ್ದ. ಆರಿದ್ರಾ ದಾಟಲು ಸೂರ್ಯನಿಗೆ ಹೆಚ್ಚುಕಮ್ಮಿ 14 ದಿನ ಬೇಕು, ಚಳಿಗಾಲದ ಪೂರ್ವಾಷಾಢಕ್ಕೆ 13 ಸಾಕು.

ಹಾಗಾದರೆ ರೇವತಿಯಿಂದ ಹಸ್ತದವರೆಗೆ 14 ದಿನ, ಚಿತ್ತಾದಿಂದ ಉತ್ತರಾಭಾದ್ರದವರೆಗೆ 13 ದಿನ ಇಡೋಣ. ಅಶ್ವಿನಿ ಏಪ್ರಿಲ್ 14ಕ್ಕೆ ಹುಟ್ಟಲಿ. ಆಗ ರೋಹಿಣಿ ಮೇ 26, ಮೃಗಶಿರಾ ಜೂನ್ 9, ಆರಿದ್ರಾ ಜೂನ್ 23, ಮಘಾ ಆಗಸ್ಟ್ 18, ಚಿತ್ತಾ ಅಕ್ಟೋಬರ್ 13. ಈಗಿನ ಪಂಚಾಂಗದ ಪಕ್ಕ ಇಟ್ಟು ನೋಡಿದರೆ ಒಂದೆರಡು ದಿನದ ವ್ಯತ್ಯಾಸ ಬರಬಹುದು, ಅಷ್ಟೇ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. 14 ದಿನ ಅಂದರೆ ಎರಡು ವಾರ ಅಲ್ವಾ? ಹಾಗಾಗಿ ಬಿತ್ತನೆ, ಕಳೆ, ಗೊಬ್ಬರದ ಕಾಲದ ಮಳೆಗಳೆಲ್ಲ ವಾರದ ಒಂದೇ ದಿನ ಹುಟ್ಟುತ್ತವೆ. 2026ರ ಏಪ್ರಿಲ್ 14 ಮಂಗಳವಾರ. ಆ ವರ್ಷ ಆರಿದ್ರಾ, ಪುಷ್ಯ, ಮಘಾ, ಹಸ್ತ ಎಲ್ಲವೂ ಮಂಗಳವಾರವೇ ಶುರು. ನಿಮ್ಮೂರ ಸಂತೆ ಯಾವ ವಾರವೇ ಇರಲಿ, ಒಂದೊಂದು ಮಳೆಗೆ ಸರಿಯಾಗಿ ಎರಡು ಸಂತೆ. ಬೀಜ, ಗೊಬ್ಬರ ತರುವವರಿಗೆ ಈ ಲೆಕ್ಕ ಬಾಯಲ್ಲೇ ಇರುತ್ತದೆ.

ವಾರವನ್ನು ಮುಟ್ಟದೇ ಇರುವುದು ಸಣ್ಣ ಮಾತಲ್ಲ. ಹೊಸ ಕ್ಯಾಲೆಂಡರ್ ಮಾಡಲು ಹೊರಟವರು ಎಡವಿದ್ದು ಹೆಚ್ಚಾಗಿ ಅಲ್ಲೇ. ಫ್ರೆಂಚ್ ಕ್ರಾಂತಿಯ ನಂತರ 1793ರಲ್ಲಿ ಹತ್ತು ದಿನದ ವಾರ ತಂದರು. ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ಬಿಡುವು ಹತ್ತು ದಿನಕ್ಕೊಮ್ಮೆ ಆಯಿತು, ಜನ ಒಗ್ಗಲಿಲ್ಲ. 1806ರ ಹೊತ್ತಿಗೆ ಆ ಕ್ಯಾಲೆಂಡರೇ ಹೋಯಿತು. ಮೋಸೆಸ್ ಕಾಟ್ಸ್‌ವರ್ತ್ ಎಂಬುವರು 1902ರಲ್ಲಿ 28 ದಿನದ 13 ತಿಂಗಳು ಮಾಡಿದರು. ಅಚ್ಚುಕಟ್ಟಾದ ಲೆಕ್ಕ. ಕೊಡಾಕ್ ಕಂಪನಿ ತನ್ನ ಒಳಗಿನ ವ್ಯವಹಾರಕ್ಕೆ 1928ರಿಂದ 1989ರವರೆಗೆ ಇದನ್ನೇ ಬಳಸಿತು. ಆದರೆ 364 ದಿನ ಆದಮೇಲೆ ಉಳಿಯುವ ಒಂದು ದಿನಕ್ಕೆ ವಾರವೇ ಇಲ್ಲ! ಶುಕ್ರವಾರ, ಶನಿವಾರ, ಭಾನುವಾರದ ಪ್ರಾರ್ಥನೆಯನ್ನು ನಂಬಿದವರು ಇಂಥದ್ದನ್ನು ಒಪ್ಪುವುದಾದರೂ ಹೇಗೆ?

ಈಗ ಕಷ್ಟದ ಪ್ರಶ್ನೆಗೆ ಬರೋಣ. ನಮ್ಮ ಮಳೆ ನಕ್ಷತ್ರಗಳು ಆಕಾಶದ ನಕ್ಷತ್ರಗಳಿಗೆ ಅಂಟಿಕೊಂಡಿವೆ. ಋತುಗಳು ಹಾಗಲ್ಲ, ಅವು ಭೂಮಿಯ ಓರೆ ಅಕ್ಷಕ್ಕೆ ಸೇರಿದವು. ಆ ಅಕ್ಷ ಬಹಳ ನಿಧಾನವಾಗಿ ದಿಕ್ಕು ಬದಲಿಸುತ್ತಿದೆ. ಹಾಗಾಗಿ ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 20 ನಿಮಿಷ ಏನು ಮಹಾ ಅನ್ನಿಸಬಹುದು. ಆದರೆ 70 ವರ್ಷಕ್ಕೆ ಒಂದು ದಿನ ಆಗುತ್ತದೆ, ಸುಮಾರು 950 ವರ್ಷಕ್ಕೆ ಒಂದು ಇಡೀ ಮಳೆ. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಶಾಸನ ಇದೆಯಲ್ಲ, ಆ ಕಾಲದಲ್ಲಿ ಈಗಿನ ಮೃಗಶಿರಾ ಮಳೆಯ ಹೊತ್ತಿಗೇ ಆರಿದ್ರಾ ಹುಟ್ಟುತ್ತಿತ್ತು. "ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ" ಅನ್ನುವ ಗಾದೆಯನ್ನು ಹಾಗೇ ಕಾಪಾಡಿಕೊಂಡು ಬಂದರೂ ಅದರ ಕಾಲ ಮುಂದಕ್ಕೆ ಜಾರುತ್ತಲೇ ಇರುತ್ತದೆ.

ಬೆಳೆಗೆ ಆಕಾಶದ ನಕ್ಷತ್ರ ಗೊತ್ತಿಲ್ಲ. ಸೊಗಡಿನ ಅವರೆಯನ್ನೇ ನೋಡಿ. ಬೇಗ ಬಿತ್ತಿದರೂ ಬಳ್ಳಿ ಸುಮ್ನೆ ಎಲೆ ಬಿಟ್ಟುಕೊಂಡು ಹಬ್ಬುತ್ತದೆ. ಹಗಲು ಚಿಕ್ಕದಾಗಿ ರಾತ್ರಿ ಉದ್ದ ಆದಮೇಲೆ ಹೂ. ಅದಕ್ಕೇ ಕಾಯಿ ಡಿಸೆಂಬರ್, ಜನವರಿಯ ಚಳಿಯಲ್ಲಿ ಸಿಗುತ್ತದೆ. ವರ್ಷವಿಡೀ ಅವರೆಕಾಯಿ ಬೇಕು ಅಂತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ತಳಿಗಳನ್ನು ತಂದರು. ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ. ನಾಟಿ ಬಳ್ಳಿ ಮಾತ್ರ ರಾತ್ರಿಯ ಉದ್ದವನ್ನು ಅಳೆದೇ ಹೂ ಬಿಡುತ್ತದೆ. ಕ್ಯಾಲೆಂಡರೂ ಅದನ್ನೇ ಹಿಡಿಯಬೇಕು.

ವಿಜ್ಞಾನಿ ಮೇಘನಾದ ಸಹಾ ಅವರ ಕ್ಯಾಲೆಂಡರ್ ಸುಧಾರಣಾ ಸಮಿತಿ ಇದನ್ನು ಆಗಲೇ ಹೇಳಿತ್ತು. ಆ ಸಮಿತಿ ರೂಪಿಸಿದ ರಾಷ್ಟ್ರೀಯ ಕ್ಯಾಲೆಂಡರ್ 1957ರ ಮಾರ್ಚ್ 22ರಿಂದ ಜಾರಿಯಲ್ಲಿದೆ. ಅದರ ವರ್ಷ ಋತುವಿನ ವರ್ಷ. ಸೂರ್ಯ ನಿಧಾನ ಇರುವ ವೈಶಾಖದಿಂದ ಭಾದ್ರಪದದವರೆಗಿನ ಐದು ತಿಂಗಳಿಗೆ 31 ದಿನ ಕೊಟ್ಟಿದ್ದಾರೆ. ವಿಜ್ಞಾನ ಪಕ್ಕಾ. ಆದರೂ ಅದು ಸರ್ಕಾರಿ ಗೆಜೆಟ್ ಬಿಟ್ಟು ಊರೊಳಗೆ ಬರಲಿಲ್ಲ. ನನ್ನ ಪ್ರಕಾರ ಕಾರಣ ಇದು: ಹಬ್ಬದ ತಿಂಗಳ ಹೆಸರುಗಳನ್ನು ತಗೊಂಡರು, ಹಬ್ಬ ಮಾತ್ರ ಚಂದ್ರನ ಲೆಕ್ಕದಲ್ಲೇ ಉಳಿಯಿತು. ರೈತ ಬಳಸುವ ಮಳೆಗಳ ಹೆಸರಿನಲ್ಲಿ ಹಂಚಿದ್ದರೆ ಕಥೆ ಬೇರೆ ಇರುತ್ತಿತ್ತೇನೋ.

ಎಲ್ಲವನ್ನೂ ಕ್ಯಾಲೆಂಡರಿಗೆ ಕಟ್ಟಲು ಆಗುವುದಿಲ್ಲ ಅನ್ನುವುದೂ ನಿಜ. ಶಿಡ್ಲಘಟ್ಟದ ರೇಷ್ಮೆ ಮನೆಗಳಲ್ಲಿ ದಿನ ಎಣಿಸುವುದು ಜ್ವರದ ಲೆಕ್ಕದಲ್ಲಿ. ನಾಲ್ಕು ಸಲ ಹುಳು ಮೇಯುವುದು ಬಿಟ್ಟು, ತಲೆ ಎತ್ತಿ ಜ್ವರಕ್ಕೆ ಕೂರುತ್ತದೆ, ಪೊರೆ ಕಳಚಿ ಏಳುತ್ತದೆ. ನಾಲ್ಕನೇ ಜ್ವರ ಎದ್ದಮೇಲೆ ಸೊಪ್ಪಿಗೆ ಹಗಲು ರಾತ್ರಿ ಓಡಾಟ. ಆಮೇಲೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಹೋಗುತ್ತದೆ. ಇದೆಲ್ಲ ಹೆಚ್ಚುಕಮ್ಮಿ ಎರಡು ಮಳೆಯ ಅವಧಿ. ಆದರೆ ಚಳಿ ಬಿದ್ದರೆ ಹುಳು ತಡಮಾಡುತ್ತದೆ, ಸೆಕೆ ಇದ್ದರೆ ಬೇಗ ಮುಗಿಸುತ್ತದೆ.

ಅಧಿಕ ದಿನದ ವಿಷಯ ಒಂದು ಬಾಕಿ ಇದೆ. ಋತುವಿನ ವರ್ಷ 365.2422 ದಿನ. ಈಗಿನ ಫೆಬ್ರವರಿ 29ರ ನಿಯಮ ಇದನ್ನು ಸಾಕಷ್ಟು ಚೆನ್ನಾಗಿ ಸರಿದೂಗಿಸುತ್ತದೆ, ಅದನ್ನೇ ಇಟ್ಟುಕೊಳ್ಳೋಣ. ನಮ್ಮ ಹಂಚಿಕೆಯಲ್ಲಿ ಆ ದಿನ ಶತಭಿಷದೊಳಗೆ ಬೀಳುತ್ತದೆ. ಆ ವರ್ಷ ಶತಭಿಷಕ್ಕೆ 13ರ ಬದಲು 14 ದಿನ. ಅಷ್ಟರಲ್ಲಿ ರಾಗಿ ಕಣದಿಂದ ಮನೆಗೆ ಬಂದಿರುತ್ತದೆ, ಮುಂದಿನ ಬಿತ್ತನೆಗೆ ಇನ್ನೂ ತಿಂಗಳುಗಳಿವೆ. ಯಾರ ಕೆಲಸವೂ ಕೆಡುವುದಿಲ್ಲ.