ಬಿಸಿಲುಕೋಲಿನ ಒಳಗಿಂದ ನಾರ್ನಿಯಾ: ಲೂಯಿಸ್ ಸಂಕಿರಣದ ಟಿಪ್ಪಣಿ

ಸಿ.ಎಸ್. ಲೂಯಿಸ್ ಬಗ್ಗೆ ಓದಲು ಕೂತವರ ತಲೆ ತಿನ್ನುವ ಪ್ರಶ್ನೆ ಒಂದೇ. ಇವರು ಯಾರು? ಮಕ್ಕಳಿಗೆ ನಾರ್ನಿಯಾ ಕಥೆ ಬರೆದವರಾ, ರೇಡಿಯೋದಲ್ಲಿ ಕ್ರೈಸ್ತ ನಂಬಿಕೆ ಬಗ್ಗೆ ಮಾತಾಡಿದವರಾ, ಮಧ್ಯಯುಗದ ಸಾಹಿತ್ಯ ಪಾಠ ಮಾಡಿದ ಮೇಷ್ಟ್ರಾ? ಮೂರೂ ಹೌದು. ನಾವು ಮಾತ್ರ ಮೂರು ಬೇರೆ ಬೇರೆ ನೋಟ್ಸ್ ಮಾಡಿಕೊಂಡು, ಮೂವರು ಲೇಖಕರು ಅನ್ನುವ ಹಾಗೆ ಓದುತ್ತೇವೆ. ಲೂಯಿಸ್ ಬಗ್ಗೆ 2013ರಲ್ಲಿ ಲಂಡನ್ನಿನಲ್ಲಿ ನಡೆದ ಸಂಕಿರಣವನ್ನು ಎದುರಿಗಿಟ್ಟುಕೊಂಡು ಓದಿದರೆ ಈ ಗಂಟು ಸ್ವಲ್ಪ ಸಡಿಲವಾಗುತ್ತದೆ.

ಹಿನ್ನೆಲೆ ಬೇಗ ಮುಗಿಸೋಣ. ಲೂಯಿಸ್ ಹುಟ್ಟಿದ್ದು 1898ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಹುಡುಗನಾಗಿದ್ದಾಗಲೇ ದೇವರ ಮೇಲಿನ ನಂಬಿಕೆ ಹೋಯಿತು. ಮೊದಲ ಮಹಾಯುದ್ಧಕ್ಕೆ ಹೋಗಿ 1918ರಲ್ಲಿ ಗಾಯಗೊಂಡರು. 1925ರಿಂದ ಆಕ್ಸ್‌ಫರ್ಡ್‌ನ ಮಾಡ್ಲಿನ್ ಕಾಲೇಜಿನಲ್ಲಿ ಪಾಠ. 1931ರಲ್ಲಿ ಮತ್ತೆ ಕ್ರೈಸ್ತ ನಂಬಿಕೆಗೆ ಬಂದರು. ಅದಕ್ಕೆ ಸ್ವಲ್ಪ ಮೊದಲು ಕಾಲೇಜಿನ ಕಾಲುದಾರಿಯಲ್ಲಿ ಗೆಳೆಯರಾದ ಟೋಲ್ಕಿನ್, ಹ್ಯೂಗೋ ಡೈಸನ್ ಜೊತೆ ರಾತ್ರಿ ತುಂಬಾ ಹೊತ್ತು ಮಾತಾಡಿದ್ದು ಇದಕ್ಕೆ ದೊಡ್ಡ ಕಾರಣ. 1954ರಲ್ಲಿ ಕೇಂಬ್ರಿಡ್ಜ್‌ಗೆ ಪ್ರೊಫೆಸರ್ ಆಗಿ ಹೋದರು. ತೀರಿಕೊಂಡದ್ದು 1963ರ ನವೆಂಬರ್ 22ರಂದು. ಆ ತಾರೀಕು ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ದಿನವೇ ಅದು. ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ ಹೋದದ್ದೂ ಅದೇ ದಿನ. ಪೇಪರಿನಲ್ಲಿ ಲೂಯಿಸ್‌ಗೆ ಜಾಗ ಸಿಗದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಸರಿಯಾಗಿ 50 ವರ್ಷ ಆದ ಮೇಲೆ, ಅದೇ ನವೆಂಬರ್ 22ರಂದು, ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನಲ್ಲಿ ಸಾಹಿತಿಗಳನ್ನು ನೆನೆಯುವ ಕವಿಗಳ ಮೂಲೆಯಲ್ಲಿ ಅವರ ಹೆಸರಿನ ಕಲ್ಲು ಬಂತು. ಆ ಸಮಾರಂಭದಲ್ಲಿ ಮಲಮಗ ಡಗ್ಲಸ್ ಗ್ರೆಷಮ್ ನಾರ್ನಿಯಾದ ಕೊನೆಯ ಪುಸ್ತಕದಿಂದ ಒಂದು ಭಾಗ ಓದಿದರು. ಕ್ಯಾಂಟರ್ಬರಿಯ ಹಿಂದಿನ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಮಾತಾಡಿದರು. ಹಿಂದಿನ ದಿನ, ಅಬ್ಬೆಯ ಪಕ್ಕದ ಸೇಂಟ್ ಮಾರ್ಗರೆಟ್ಸ್ ಚರ್ಚಿನಲ್ಲಿ ಸಂಕಿರಣ. ಅಲ್ಲಿ ಎರಡು ಮುಖ್ಯ ಉಪನ್ಯಾಸಗಳಿದ್ದವು. ದೇವತಾಶಾಸ್ತ್ರದ ವಿದ್ವಾಂಸ ಅಲಿಸ್ಟರ್ ಮೆಕ್‌ಗ್ರಾತ್ ವಿಷಯ, ತರ್ಕದ ಮೂಲಕ ಸತ್ಯ ಹೇಳುವ ಲೂಯಿಸ್. ಕವಿಯೂ ಪಾದ್ರಿಯೂ ಆದ ಮಾಲ್ಕಮ್ ಗೈಟ್ ವಿಷಯ, ಕಥೆಯ ಮೂಲಕ ಸತ್ಯ ಹೇಳುವ ಲೂಯಿಸ್. ನೋಡಿ, ನಮ್ಮ ನೋಟ್ಸಿನ ಹಾಗೇ ಇಲ್ಲೂ ಎರಡು ಭಾಗ! ಆದರೆ ಎರಡನ್ನೂ ಒಂದೇ ವೇದಿಕೆಗೆ ತಂದದ್ದೇ ಇಲ್ಲಿನ ವಿಶೇಷ. ಇವು ಸೇರುವುದು ಎಲ್ಲಿ? ನನ್ನ ಪ್ರಕಾರ ಒಂದು ಕತ್ತಲೆ ಶೆಡ್ಡಿನಲ್ಲಿ.

1945ರಲ್ಲಿ ಲೂಯಿಸ್ ಒಂದು ಪುಟ್ಟ ಪ್ರಬಂಧ ಬರೆದರು. ತೋಟದ ಸಾಮಾನು ಇಡುವ ಶೆಡ್ಡಿನೊಳಗೆ ಅವರು ನಿಂತಿದ್ದಾರೆ. ಒಳಗೆ ಕತ್ತಲೆ. ಬಾಗಿಲಿನ ಮೇಲ್ಗಡೆ ಬಿರುಕಿನಿಂದ ಒಂದು ಬಿಸಿಲುಕೋಲು ಒಳಗೆ ಬಂದಿದೆ. ಅದರಲ್ಲಿ ಧೂಳಿನ ಕಣಗಳು ತೇಲುತ್ತಿವೆ. ಹಂಚಿನ ಮನೆಯಲ್ಲಿ ಮಧ್ಯಾಹ್ನ ಮಲಗಿ ಸೂರು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆಮೇಲೆ ಲೂಯಿಸ್ ಒಂಚೂರು ಜರುಗುತ್ತಾರೆ. ಬೆಳಕು ನೇರ ಕಣ್ಣಿಗೆ ಬೀಳುತ್ತದೆ. ತಕ್ಷಣ ಶೆಡ್ಡೂ ಇಲ್ಲ, ಬಿಸಿಲುಕೋಲೂ ಇಲ್ಲ. ಬಿರುಕಿನಾಚೆ ಅಲ್ಲಾಡುವ ಹಸಿರೆಲೆ, ಅದರಾಚೆ ಸೂರ್ಯ. ಕೋಲನ್ನು ನೋಡುವುದು ಒಂದು, ಕೋಲಿನ ಒಳಗಿಂದ ನೋಡುವುದು ಇನ್ನೊಂದು. ಪ್ರೀತಿಯಲ್ಲಿ ಬಿದ್ದ ಹುಡುಗನ ಅನುಭವ ಬೇರೆ, ಅವನ ಮೆದುಳನ್ನು ಪರೀಕ್ಷಿಸುವವರ ವಿವರಣೆ ಬೇರೆ. ಹೊರಗಿನ ನೋಟವೇ ಯಾವಾಗಲೂ ಹೆಚ್ಚು ನಿಜ ಅಂತ ಯಾಕೆ ಅಂದುಕೊಂಡಿದ್ದೀರಿ ಅನ್ನುವುದು ಅವರ ಜಗಳ. ಎರಡೂ ಬೇಕು ಅನ್ನುತ್ತಾರೆ.

ಈಗ ಅಬ್ಬೆಯ ಕಲ್ಲಿನ ಮೇಲಿನ ಸಾಲಿಗೆ ಬನ್ನಿ. 1944ರಲ್ಲಿ ಆಕ್ಸ್‌ಫರ್ಡ್‌ನ ಸಾಕ್ರಟಿಕ್ ಕ್ಲಬ್ ಎಂಬ ಚರ್ಚಾಕೂಟದಲ್ಲಿ ಲೂಯಿಸ್ ಆಡಿದ ಮಾತು ಅದು. ಸೂರ್ಯ ಮೂಡಿದ್ದಾನೆ ಅಂತ ನಂಬುವ ಹಾಗೆ ನಾನು ಕ್ರೈಸ್ತ ಧರ್ಮವನ್ನು ನಂಬುತ್ತೇನೆ, ಸೂರ್ಯ ಕಾಣುತ್ತಾನೆ ಅಂತ ಮಾತ್ರ ಅಲ್ಲ, ಅವನಿಂದ ಉಳಿದೆಲ್ಲ ಕಾಣುತ್ತದೆ ಅಂತ. ಅದೇ ಶೆಡ್ಡು, ಅದೇ ಸೂರ್ಯ. ಮೇಷ್ಟ್ರು, ವಾದಿ, ಕಥೆಗಾರ ಮೂವರೂ ಒಂದೇ ಬಿರುಕಿನಲ್ಲಿ ಕಣ್ಣಿಟ್ಟಿದ್ದಾರೆ. ಈ ಸಾಲನ್ನು ನೀವು ಒಪ್ಪಬೇಕಿಲ್ಲ. ಆದರೆ ಇದನ್ನು ಬಿಟ್ಟು ನಾರ್ನಿಯಾ ಓದಿದರೆ ಏನೋ ತಪ್ಪಿಹೋಗುತ್ತದೆ.

ಏನು ತಪ್ಪುತ್ತದೆ? ಪರೀಕ್ಷೆಗೆ ಖಾಯಂ ಬರುವ ಪ್ರಶ್ನೆ ತೆಗೆದುಕೊಳ್ಳಿ: ನಾರ್ನಿಯಾ ಅಲಿಗರಿಯೇ, ಅಂದರೆ ಸಂಕೇತಗಳ ಕಥೆಯೇ? ನಾವೆಲ್ಲ ಸುಮ್ನೆ ‘ಹೌದು, ಆಸ್ಲಾನ್ ಎಂಬ ಸಿಂಹ ಅಂದರೆ ಕ್ರಿಸ್ತ’ ಅಂತ ಬರೆದು ಮುಗಿಸುತ್ತೇವೆ. ಲೂಯಿಸ್ ಇದನ್ನು ಒಪ್ಪಲಿಲ್ಲ. ಅಲಿಗರಿಯಲ್ಲಿ ಒಂದು ಪಾತ್ರ ಒಂದು ಅಮೂರ್ತ ಗುಣದ ಬದಲಿಗೆ ನಿಲ್ಲುತ್ತದೆ, ಹತಾಶೆಗೆ ಒಬ್ಬ ರಾಕ್ಷಸ ಅನ್ನುವ ಹಾಗೆ. ನನ್ನದು ಅದಲ್ಲ, ‘ಹೀಗಿದ್ದಿದ್ದರೆ’ ಅನ್ನುವ ಆಟ ಎಂದರು. ಮಾತಾಡುವ ಪ್ರಾಣಿಗಳ ಲೋಕವೊಂದು ನಿಜವಾಗಿಯೂ ಇದ್ದಿದ್ದರೆ, ಇಲ್ಲಿ ಮನುಷ್ಯನಾದ ದೇವಪುತ್ರ ಅಲ್ಲಿ ಸಿಂಹವಾಗಿದ್ದಿದ್ದರೆ, ಆಮೇಲೆ ಏನಾಗುತ್ತಿತ್ತು? ವ್ಯತ್ಯಾಸ ಸಣ್ಣದಲ್ಲ. ಅಲಿಗರಿಯಲ್ಲಿ ಅರ್ಥ ಸಿಕ್ಕಿದ ಮೇಲೆ ಸಿಂಹವನ್ನು ಬಿಸಾಡಬಹುದು. ಇಲ್ಲಿ ಸಿಂಹದ ಕೇಸರದಲ್ಲಿ ಮುಖ ಹುದುಗಿಸಿ ಅಳುವ ಮಕ್ಕಳ ಜೊತೆ ನೀವೂ ಇರಬೇಕು.

ಇನ್ನೊಂದು ಎಳೆ ನಮ್ಮವರಿಗೆ ಹತ್ತಿರದ್ದು. ಈ ಸ್ಮಾರಕಕ್ಕಾಗಿ ಓಡಾಡಿದವರಲ್ಲಿ ಲೂಯಿಸ್ ಬಗ್ಗೆ ಅಧ್ಯಯನ ಮಾಡಿದ ಮೈಕಲ್ ವಾರ್ಡ್ ಒಬ್ಬರು. 2008ರ ತಮ್ಮ ಪುಸ್ತಕದಲ್ಲಿ ಅವರು ಒಂದು ವಾದ ಮುಂದಿಟ್ಟಿದ್ದರು. ನಾರ್ನಿಯಾದ 7 ಪುಸ್ತಕಗಳ ಹಿಂದೆ ಮಧ್ಯಯುಗದ ಯುರೋಪ್ ನಂಬಿದ್ದ 7 ಗ್ರಹಗಳಿವೆ ಅಂತ. ಲೂಯಿಸ್‌ರ ಹಳೆಯ ಪದ್ಯವೊಂದರಲ್ಲಿ ಗುರುಗ್ರಹದ ಜೊತೆ ಚಳಿಗಾಲ ಕಳೆಯುವ, ಪಾಪ ಕ್ಷಮಿಸುವ ಮಾತು ಬರುತ್ತದೆ. ಮೊದಲ ನಾರ್ನಿಯಾ ಕಥೆಯ ಸಾರವೇ ಅದಲ್ಲವೇ ಎಂದು ವಾರ್ಡ್‌ಗೆ ಹೊಳೆಯಿತು. ಗ್ರಹಗಳ ಹೆಸರು ಬಾಯಿಪಾಠ ಮಾಡುವ ಕಷ್ಟ ನಮಗಿಲ್ಲ. ನಮ್ಮ ವಾರದ 7 ದಿನಗಳೇ ಅವು. ಪ್ರಕಟವಾದ ಕ್ರಮದಲ್ಲಿ ಗುರು, ಮಂಗಳ, ರವಿ, ಸೋಮ, ಬುಧ, ಶುಕ್ರ, ಶನಿ. ಮೂರನೆಯ ಪುಸ್ತಕದಲ್ಲಿ ಹಡಗು ಸೂರ್ಯ ಹುಟ್ಟುವ ಕಡೆಗೇ ಹೋಗುತ್ತದೆ, ದಾರಿಯಲ್ಲಿ ಎಲ್ಲವನ್ನೂ ಚಿನ್ನ ಮಾಡುವ ನೀರು ಸಿಗುತ್ತದೆ. ನಾಲ್ಕನೆಯದರಲ್ಲಿ ಬೆಳ್ಳಿ ಕುರ್ಚಿ, ದಿನಾ ರಾತ್ರಿ ಹುಚ್ಚು ಹಿಡಿಯುತ್ತದೆಂದು ಕಟ್ಟಿಹಾಕುವ ರಾಜಕುಮಾರ. ಐದನೆಯದರಲ್ಲಿ ಅವಳಿ ಮಕ್ಕಳು. ಮಿಥುನ ರಾಶಿಗೆ ಬುಧ ಅಧಿಪತಿ ಅಂತ ಪಂಚಾಂಗ ನೋಡುವ ಅಜ್ಜಿಯೂ ಹೇಳುತ್ತಾರೆ. ಆದರೆ ಇಲ್ಲಿ ಎಡವಬೇಡಿ. ನಮ್ಮ ಗುರು ದೇವತೆಗಳ ಪುರೋಹಿತ, ಅವರ ಜುಪಿಟರ್ ದೇವತೆಗಳ ರಾಜ. ನಮ್ಮ ಶುಕ್ರ ಅಸುರರ ಆಚಾರ್ಯ, ಅವರ ವೀನಸ್ ಪ್ರೇಮದೇವತೆ. ರಾಹು ಕೇತುಗಳಂತೂ ಆ ಪಟ್ಟಿಯಲ್ಲೇ ಇಲ್ಲ.

ವಾರ್ಡ್ ಮಾತನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನನಗೂ ಮಂಗಳ, ರವಿ ಸಲೀಸಾಗಿ ಕೂರುತ್ತವೆ, ಕೆಲವು ಕಡೆ ಜಾಸ್ತಿ ಎಳೆದ ಹಾಗನ್ನಿಸುತ್ತದೆ. ಶುಕ್ರನದು ಅನ್ನುವ ಆರನೆಯ ಪುಸ್ತಕವನ್ನೇ ನೋಡಿ. ಡಿಗರಿ ಎಂಬ ಹುಡುಗನ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಅವನು ಬೇರೆ ಲೋಕದ ತೋಟದಿಂದ ಸೇಬು ತಂದು, ಹೆಚ್ಚಿ, ಒಂದೊಂದೇ ಹೋಳು ಅಮ್ಮನಿಗೆ ತಿನ್ನಿಸುತ್ತಾನೆ. ಅಮ್ಮ ಹುಷಾರಾಗುತ್ತಾಳೆ. ತೋಟ, ಸೇಬು, ತಾಯಿ, ಎಲ್ಲವೂ ವೀನಸ್‌ಗೆ ಸೇರಿದ್ದೇ, ಲೆಕ್ಕ ಸರಿಯಾಗಿದೆ. ಆದರೆ 1908ರಲ್ಲಿ ಲೂಯಿಸ್‌ರ ಅಮ್ಮ ಕ್ಯಾನ್ಸರ್‌ನಿಂದ ಹೋದಾಗ ಅವರಿಗೆ 9 ವರ್ಷ. ಅಮ್ಮ ಉಳಿಯಲಿ ಅಂತ ಆ ಹುಡುಗ ಪ್ರಾರ್ಥನೆ ಮಾಡಿದ್ದ. ಆ ಸೇಬಿನ ಪುಟಗಳನ್ನು ಮೊದಲ ಸಲ ಗ್ರಹಗಳ ಪಟ್ಟಿ ಮುಚ್ಚಿಟ್ಟೇ ಓದಿ.