ಬ್ರಿಟಿಷ್ ಟೀವಿ ನಾಟಕ: ಏಳಿಗೆ ಮತ್ತು ಕುಸಿತ

ಈ ಪಾಠ ಓದುವಾಗ ಹೆಚ್ಚಿನವರು ಬರಹಗಾರರ ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ. ಅದಕ್ಕಿಂತ ಮೊದಲು ಟೀವಿಯ ವೇಳಾಪಟ್ಟಿ ನೋಡಿ.

1964ರಲ್ಲಿ ಬಿಬಿಸಿ 'ದ ವೆಡ್ನೆಸ್‌ಡೇ ಪ್ಲೇ' ಎಂಬ ನಾಟಕಮಾಲೆ ಶುರು ಮಾಡಿತು. 1970ರಲ್ಲಿ ಆ ಜಾಗಕ್ಕೆ 'ಪ್ಲೇ ಫಾರ್ ಟುಡೇ' ಬಂತು, 1984ರವರೆಗೆ ನಡೆಯಿತು. ಪ್ರತಿ ಸಲವೂ ಹೊಸ ಕಥೆ, ಹೊಸ ಪಾತ್ರಗಳು, ಒಂದೇ ಕಂತು. ಒಂದು ನಾಟಕ ಸೋತರೆ ಅದರ ಹಿಂದೆಯೇ ಇನ್ನೊಂದು ಬರುತ್ತಿತ್ತು. ಹಾಗಾಗಿ ಹೊಸಬರನ್ನು ನಂಬಿ ಕೆಲಸ ಕೊಡಲು ಭಯವಿರಲಿಲ್ಲ. ಗುಣಮಟ್ಟದ ಬೇರು ಇಲ್ಲಿದೆ ಎಂದು ನನಗನಿಸುತ್ತದೆ.

ಉದಾಹರಣೆಗೆ 'ದ ವೆಡ್ನೆಸ್‌ಡೇ ಪ್ಲೇ'ಯಲ್ಲಿ ಬಂದ 'ಕ್ಯಾಥಿ ಕಮ್ ಹೋಮ್' ಒಂದನ್ನೇ ಚೆನ್ನಾಗಿ ಓದಿಕೊಂಡರೆ ಸಾಕು. ಬರೆದವರು ಜೆರೆಮಿ ಸ್ಯಾಂಡ್‌ಫೋರ್ಡ್, ನಿರ್ದೇಶಕ ಕೆನ್ ಲೋಚ್, ಪ್ರಸಾರವಾದದ್ದು 1966ರ ನವೆಂಬರ್ 16. ಸ್ಟುಡಿಯೋ ಬಿಟ್ಟು ಬೀದಿಗಿಳಿದು, ಕ್ಯಾಮೆರಾ ಕೈಯಲ್ಲಿ ಹಿಡಿದು ಚಿತ್ರಿಸಿದ್ದರಿಂದ ಸುದ್ದಿಚಿತ್ರದ ಹಾಗೆ ಕಾಣುತ್ತದೆ. ಮನೆ ಕಳೆದುಕೊಂಡ ತಾಯಿಯಿಂದ ಅಧಿಕಾರಿಗಳು ಮಕ್ಕಳನ್ನು ಕಿತ್ತುಕೊಳ್ಳುವ ದೃಶ್ಯ ನೋಡಿದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಆ ರಾತ್ರಿ ಸುಮಾರು 1.2 ಕೋಟಿ ಜನ ಅದನ್ನು ನೋಡಿದರು. ಡಿಸೆಂಬರ್ 1ಕ್ಕೆ ಮನೆಯಿಲ್ಲದವರಿಗಾಗಿ ಕೆಲಸ ಮಾಡುವ 'ಶೆಲ್ಟರ್' ಸಂಸ್ಥೆ ಶುರುವಾಯಿತು. ನಾಟಕದಿಂದಲೇ ಅದು ಹುಟ್ಟಿತು ಎಂದು ಬರೆಯಬೇಡಿ, ಅದರ ತಯಾರಿ ಮೊದಲೇ ನಡೆದಿತ್ತು. ನಾಟಕ ಅದಕ್ಕೆ ಜನರ ಬೆಂಬಲ ತಂದಿತು.

ಇನ್ನು ಕುಸಿತ. 1990ರ ಪ್ರಸಾರ ಕಾಯ್ದೆ ಖಾಸಗಿ ವಾಹಿನಿ ಐಟಿವಿಯ ಪರವಾನಗಿಗಳನ್ನು ಹರಾಜಿಗಿಟ್ಟಿತು, ಹಾಗಾಗಿ ದುಡ್ಡಿನ ಲೆಕ್ಕಾಚಾರ ಮುಂದೆ ಬಂತು. ಬಿಬಿಸಿಯಲ್ಲೂ ಒಂದೇ ಕಂತಿನ ಬಿಡಿ ನಾಟಕಗಳು ಕಡಿಮೆಯಾಗಿ, ಮತ್ತೆ ಮತ್ತೆ ಬರುವ ಪೊಲೀಸ್, ಆಸ್ಪತ್ರೆ ಸರಣಿಗಳು ಜಾಸ್ತಿಯಾದವು. 2013ರಲ್ಲಿ ಗಂಟೆಗೆ ಕನಿಷ್ಠ 10 ಲಕ್ಷ ಪೌಂಡ್ ಖರ್ಚಾಗುವ ನಾಟಕಗಳಿಗೆ ತೆರಿಗೆ ರಿಯಾಯಿತಿ ಬಂತು. ದೊಡ್ಡ ನಾಟಕಗಳಿಗೆ ಇದರಿಂದ ಅನುಕೂಲವಾಯಿತು ನಿಜ. ಆದರೆ ಅಷ್ಟು ದುಡ್ಡು ಹಾಕಿದ ಮೇಲೆ ಹೊರದೇಶಗಳಲ್ಲೂ ಮಾರಾಟವಾಗಬೇಕು, ಅಲ್ವಾ?

ಈ ಕಷ್ಟ ಅರ್ಥವಾಗಲು 2024ರ ಜನವರಿಯಲ್ಲಿ ಐಟಿವಿಯಲ್ಲಿ ಬಂದ 'ಮಿಸ್ಟರ್ ಬೇಟ್ಸ್ ವರ್ಸಸ್ ದ ಪೋಸ್ಟ್ ಆಫೀಸ್' ನೋಡಿ. ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ದೋಷದಿಂದ ಕಳ್ಳರೆಂಬ ಹಣೆಪಟ್ಟಿ ಹೊತ್ತ ಅಂಚೆ ಕಚೇರಿಯವರ ಕಥೆ ಅದು. ದೇಶವೇ ಸಿಟ್ಟಿಗೆದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ಅವರ ಶಿಕ್ಷೆಗಳನ್ನು ರದ್ದು ಮಾಡುವ ಕಾಯ್ದೆ ಬಂತು. ಇಷ್ಟೆಲ್ಲ ಮಾಡಿದ ನಾಟಕದಿಂದ ಸುಮಾರು 10 ಲಕ್ಷ ಪೌಂಡ್ ನಷ್ಟವಾಯಿತು ಎಂದು ಐಟಿವಿಯ ಹಿರಿಯ ಅಧಿಕಾರಿಯೇ ಹೇಳಿದರು. ಅಪ್ಪಟ ಬ್ರಿಟಿಷ್ ಸಂಕಟದ ಕಥೆಗೆ ಹೊರಗೆ ಗಿರಾಕಿ ಕಡಿಮೆ. ಇಂಥ ನಾಟಕವನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳುವ ಮುಂಚೆ ಯಾವ ಚಾನೆಲ್ ಆದರೂ ಎರಡು ಸಲ ಯೋಚಿಸುತ್ತದೆ.